ಮನೆಮಂದಿಯೊಂದಿಗೆ ಹಕ್ಕಿ ನೋಡುವುದು: ಸಾಗರದ ತೋಟದಿಂದ ಹೊನ್ನಾವರದ ಅಳಿವೆವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿ. ಮನೆ ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ ಬಯಲು. ಮನೆಯಲ್ಲಿ ಐದು ಜನ: ಅತ್ತೆ, ನಮ್ಮನೆಯವರು, ನಾನು, ಆರನೇ ಕ್ಲಾಸಿನ ಮಗಳು, ನಾಲ್ಕು ವರ್ಷದ ಮಗ. ಮಗಳಿಗೆ ಐದು ವರ್ಷ ಇದ್ದಾಗಿನಿಂದ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವುದು ನಮಗೆ ಅಭ್ಯಾಸವಾಗಿದೆ. ಚಳಿಗಾಲದಲ್ಲಿ ಎರಡು ಮೂರು ಸಲ ಘಟ್ಟ ಇಳಿದು ಹೊನ್ನಾವರದ ಕಡೆಗೂ ಹೋಗುತ್ತೇವೆ. ನಾವ್ಯಾರೂ ಇದನ್ನು ಕಾಲೇಜಿನಲ್ಲಿ ಓದಿದವರಲ್ಲ. ನೋಡಿ ನೋಡಿ, ತಪ್ಪು ಮಾಡಿ ಮಾಡಿ ಕಲಿತದ್ದು. ನೆಂಟರು, ಮಗಳ ಗೆಳತಿಯರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಲ್ಲಿಂದ ಶುರು ಮಾಡಬೇಕು? ಕಾಡಿಗೇ ಹೋಗಬೇಕಾ?

ಬೇಡ. ಅಂಗಳದಿಂದಲೇ ಶುರು ಮಾಡಿ. ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು, ಅರ್ಧ ಗಂಟೆ ಬೇರೆ ಏನೂ ಮಾಡಬೇಡಿ. ಮೊದಲ ವಾರ ನಮಗೆ ಕಂಡದ್ದು ಹತ್ತು ಬಗೆಯ ಹಕ್ಕಿ. ಅದೇ ಜಗಲಿಯಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಐವತ್ತು ದಾಟಿತ್ತು. ಹಕ್ಕಿ ಜಾಸ್ತಿ ಆಗಿರಲಿಲ್ಲ, ನಮ್ಮ ಕಣ್ಣು ಕಿವಿ ಪಳಗಿತ್ತು ಅಷ್ಟೆ.

ಅಡಿಕೆ ತೋಟ ಇದ್ದರೆ ನೀವು ಪುಣ್ಯವಂತರು. ಮಡಿವಾಳ, ಪಿಕಳಾರ, ಭೀಮರಾಜ, ಕುಟ್ರು ಹಕ್ಕಿ, ಉದ್ದ ಬಾಲದ ರಾಜಹಕ್ಕಿ ಎಲ್ಲವೂ ಅಲ್ಲೇ ಸಿಗುತ್ತವೆ. ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ತುಂಗೆಯ ದಂಡೆ ಇದೆ, ಗಾಜನೂರಿನ ಹಿನ್ನೀರಿದೆ. ಒಂದು ಜಾಗ ಆರಿಸಿಕೊಳ್ಳಿ, ಅಲ್ಲಿಗೇ ಮತ್ತೆ ಮತ್ತೆ ಹೋಗಿ. ವಾರಕ್ಕೊಂದು ಹೊಸ ಜಾಗ ಸುತ್ತುವವರಿಗೆ ಹಕ್ಕಿಗಳ ಹೆಸರು ಸಿಗಬಹುದು. ಒಂದೇ ಜಾಗಕ್ಕೆ ನಲವತ್ತು ಸಲ ಹೋದವರಿಗೆ ಯಾವ ಮಡಿವಾಳ ಯಾವ ಕೊಂಬೆಯದು ಅಂತ ಗೊತ್ತಾಗುತ್ತದೆ. ಮಕ್ಕಳಿಗೆ ಹಿಡಿಸುವುದು ಈ ಎರಡನೆಯದು.

ಚಿಕ್ಕ ಮಕ್ಕಳು ಸುಮ್ನೆ ಕೂರುತ್ತಾರಾ?

ಕೂರುವುದಿಲ್ಲ. ಕೂರಿಸಲು ಹೋಗಬೇಡಿ. ನಾಲ್ಕು ವರ್ಷದ ಮಗುವಿಗೆ ನಲವತ್ತು ನಿಮಿಷ ಸಾಕು. ಅದರಲ್ಲೂ ಅರ್ಧ ಹೊತ್ತು ಅವನು ಇರುವೆ ಗೂಡು, ಚಿಟ್ಟೆ, ಕಂಬಳಿಹುಳ ನೋಡುತ್ತಾನೆ. ಅದೂ ನೋಡುವುದೇ ಅಲ್ವಾ?

ಮಗುವಿಗೊಂದು ಕೆಲಸ ಕೊಡಿ. ನಮ್ಮ ಮಗನದು ಎಣಿಸುವ ಕೆಲಸ. ಬೆಳ್ಳಕ್ಕಿ ಎಷ್ಟು, ಹತ್ತರವರೆಗೆ ಎಣಿಸು, ಆಮೇಲೆ ಮತ್ತೆ ಒಂದರಿಂದ ಶುರು ಮಾಡು. ಮಗಳು ಪುಸ್ತಕದಲ್ಲಿ ಬರೆಯುತ್ತಾಳೆ. ಅತ್ತೆ ಚಾಪೆ ಹಾಸಿಕೊಂಡು ಕಿವಿಯಲ್ಲೇ ಹಕ್ಕಿ ಹಿಡಿಯುತ್ತಾರೆ. ಅವರಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿದೆ, ದೂರದ್ದು ಅಷ್ಟು ಕಾಣುವುದಿಲ್ಲ. ಆದರೆ ಯಾವ ಕೂಗು ಯಾವ ಮರದಿಂದ ಬಂತು ಅಂತ ನಮಗಿಂತ ಮೊದಲು ಹೇಳುವವರು ಅವರೇ. ಅಜ್ಜ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಊರಿನ ಹಕ್ಕಿಗಳ ಹೆಸರು, ಯಾವುದು ಯಾವ ತಿಂಗಳು ಕೂಗುತ್ತದೆ ಅನ್ನುವುದು ಅವರ ತಲೆಯಲ್ಲಿ ಇದೆ.

ತಿಂಡಿ ಕಟ್ಟಿಕೊಂಡು ಹೋಗಿ. ಚಿಪ್ಸ್ ಪ್ಯಾಕೆಟ್ ಬೇಡ, ಅದರ ಸದ್ದಿಗೇ ಹಕ್ಕಿ ಹಾರುತ್ತದೆ. ಡಬ್ಬಿಯಲ್ಲಿ ಚಕ್ಕುಲಿ, ಬಾಳೆಹಣ್ಣು ಸಾಕು.

ಬೈನಾಕ್ಯುಲರ್ ಬೇಕೇ ಬೇಕಾ? ಯಾವುದು ತಗೊಳ್ಳಲಿ?

ಮೊದಲ ಆರು ತಿಂಗಳು ಬೇಡ. ಆಮೇಲೂ ಆಸೆ ಉಳಿದಿದ್ದರೆ ತಗೊಳ್ಳಿ.

ಅದರ ಮೇಲೆ 8x42 ಅಂತ ಬರೆದಿರುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲವಾದಷ್ಟೂ ಬೆಳಕು ಜಾಸ್ತಿ ಬರುತ್ತದೆ. ನಮ್ಮ ಕಾಡು, ತೋಟಗಳ ಒಳಗೆ ಕತ್ತಲೆ ಜಾಸ್ತಿ, ಅದಕ್ಕೇ 42 ಒಳ್ಳೆಯದು. ಹತ್ತು, ಹನ್ನೆರಡು ಪಟ್ಟಿನದ್ದು ಇನ್ನೂ ಚೆನ್ನಾಗಿರಬಹುದು ಅಂತ ಅನ್ನಿಸುತ್ತದೆ. ಆದರೆ ಪಟ್ಟು ಹೆಚ್ಚಾದಷ್ಟೂ ಕೈ ನಡುಕವೂ ಹೆಚ್ಚಾಗಿ ಕಾಣುತ್ತದೆ, ಒಂದು ಸಲಕ್ಕೆ ಕಾಣುವ ಜಾಗವೂ ಕಿರಿದಾಗುತ್ತದೆ. ಮಕ್ಕಳ ಕೈಗೆ 8x32 ಹಗುರ. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ದುರ್ಬೀನು ಮಾತ್ರ ಬೇಡ. ಮಗು ಕಣ್ಣಿಗಿಟ್ಟು, ಏನೂ ಕಾಣದೆ, ಇನ್ನು ನನಗೆ ಇದು ಬೇಡವೇ ಬೇಡ ಅನ್ನುತ್ತದೆ.

ಹಿಡಿಯುವ ಅಭ್ಯಾಸ ಹೀಗೆ ಮಾಡಿಸಿ: ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿನ ಬಳಿಗೆ ತರಬೇಕು. ಎಲ್ಲರೂ ಮೊದಲು ಮಾಡುವ ತಪ್ಪು, ಬೈನಾಕ್ಯುಲರ್ ನೋಡಿಕೊಂಡು ಆಮೇಲೆ ಹಕ್ಕಿ ಹುಡುಕುವುದು.

ಹಕ್ಕಿಯ ಹೆಸರು ಗೊತ್ತಾಗುವುದು ಹೇಗೆ?

ಬಣ್ಣ ಕೊನೆಗೆ ನೋಡಿ. ಬೆಳಕಿಗೆ ತಕ್ಕಂತೆ ಬಣ್ಣ ಮೋಸ ಮಾಡುತ್ತದೆ. ಮೊದಲು ಗಾತ್ರ: ಗುಬ್ಬಿಯಷ್ಟಾ, ಗೊರವಂಕದಷ್ಟಾ, ಕಾಗೆಯಷ್ಟಾ? ಆಮೇಲೆ ಕೊಕ್ಕು: ಚಿಕ್ಕದಾ, ದಪ್ಪನಾ, ಬಾಗಿದೆಯಾ? ಆಮೇಲೆ ಬಾಲ. ಆಮೇಲೆ ಅದು ಏನು ಮಾಡುತ್ತಿದೆ. ಬಾಲ ಕುಣಿಸುತ್ತಾ ನೆಲದ ಮೇಲೆ ಓಡಾಡುತ್ತಿದ್ದರೆ ಕುಂಡೆಕುಸ್ಕ. ಕಾಂಡಕ್ಕೆ ಅಂಟಿಕೊಂಡು ಮೇಲೆ ಹತ್ತುತ್ತಿದ್ದರೆ ಮರಕುಟಿಗ. ತಂತಿಯ ಮೇಲಿಂದ ಹಾರಿ ಹುಳ ಹಿಡಿದು ಅದೇ ಜಾಗಕ್ಕೆ ವಾಪಸ್ ಬಂದರೆ ಕಾಜಾಣ ಇರಬಹುದು.

ಗಂಡು ಹೆಣ್ಣು ಬೇರೆ ಬೇರೆ ಬಣ್ಣ ಇರುತ್ತವೆ ಅನ್ನುವುದನ್ನೂ ಮರೆಯಬೇಡಿ. ಕೋಗಿಲೆ ಕಪ್ಪು ಅಂತ ಎಲ್ಲರಿಗೂ ಗೊತ್ತು. ಕಪ್ಪಗಿರುವುದು ಗಂಡು ಮಾತ್ರ. ಹೆಣ್ಣು ಕಂದು, ಮೈ ತುಂಬ ಬಿಳಿ ಚುಕ್ಕೆ. ನಮ್ಮ ನುಗ್ಗೆ ಮರದಲ್ಲಿ ಹೆಣ್ಣು ಕೋಗಿಲೆ ಕಂಡ ದಿನ ಮಗಳು ಅದನ್ನು ಹೊಸ ಹಕ್ಕಿ ಅಂತ ಬರೆದುಕೊಂಡಿದ್ದಳು. ಆ ಪುಟವನ್ನು ಹರಿಯಲು ನಾನು ಬಿಡಲಿಲ್ಲ. ಪಕ್ಕದಲ್ಲಿ ಸರಿಯಾದ ಹೆಸರು ಬರೆಸಿದೆ, ಅಷ್ಟೆ.

ಬೆಳ್ಳಕ್ಕಿ ಎಲ್ಲಾ ಒಂದೇ ತರ ಕಾಣುತ್ತವಲ್ಲ?

ಈ ಪ್ರಶ್ನೆ ನನಗೆ ತುಂಬ ಇಷ್ಟ. ಮಕ್ಕಳಿಗೆ ಸೂಕ್ಷ್ಮವಾಗಿ ನೋಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ದನದ ಹಿಂದೆ, ಟ್ರ್ಯಾಕ್ಟರ್ ಹಿಂದೆ ನಡೆಯುವುದು ಗೋವಕ್ಕಿ. ಕೊಕ್ಕು ಹಳದಿ, ಕತ್ತು ಗಿಡ್ಡ. ಮಳೆಗಾಲದ ಹೊತ್ತಿಗೆ ತಲೆ, ಕತ್ತು ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಪಾದ ಮಾತ್ರ ಹಳದಿ ಇದ್ದರೆ ಅದು ಚಿಕ್ಕ ಬೆಳ್ಳಕ್ಕಿ. ನೀರಿನಿಂದ ಕಾಲೆತ್ತಿದಾಗ ಹಳದಿ ಸಾಕ್ಸ್ ಹಾಕಿದ ಹಾಗೆ ಕಾಣುತ್ತದೆ. ಎಲ್ಲಕ್ಕಿಂತ ಎತ್ತರ ಇದ್ದು, ಉದ್ದ ಕತ್ತು ನಡುವೆ ಮುರಿದಂತೆ ಬಾಗಿದ್ದರೆ ದೊಡ್ಡ ಬೆಳ್ಳಕ್ಕಿ. ಇವೆರಡರ ನಡುವಿನ ಗಾತ್ರದ್ದೂ ಒಂದಿದೆ.

ಘಟ್ಟ ಇಳಿದರೆ ಇನ್ನೊಂದು ಸೇರಿಕೊಳ್ಳುತ್ತದೆ. ಕಡಲ ತೀರದ ಬಂಡೆಗಳ ಮೇಲೆ ಮೈಯೆಲ್ಲ ಬೂದಿಗಪ್ಪು, ಗಂಟಲು ಮಾತ್ರ ಬಿಳಿ ಇರುವ ಬಕ ಒಂದು ಕೂತಿರುತ್ತದೆ. ಅದರ ಜಾತಿಯಲ್ಲೇ ಪೂರ್ತಿ ಬಿಳಿ ಇರುವವೂ ಇವೆ. ಬೆಳ್ಳಕ್ಕಿಯಲ್ಲೂ ಕಪ್ಪು ಇರುತ್ತದಾ ಅಂತ ಅತ್ತೆಗೆ ಬಹಳ ಆಶ್ಚರ್ಯವಾಗಿತ್ತು.

ಮೊಬೈಲ್ ಆ್ಯಪ್ ಬಳಸಬಹುದಾ?

ಬಳಸಿ. ಮರ್ಲಿನ್ ಅಂತ ಒಂದಿದೆ, ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರದು, ಉಚಿತ. ಕೂಗನ್ನು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಆದರೆ ಅದು ಸೂಚನೆ ಮಾತ್ರ. ಭೀಮರಾಜ ಹತ್ತು ಹಕ್ಕಿಗಳ ದನಿ ಅಣಕಿಸುತ್ತದೆ, ಆ್ಯಪ್ ಅಲ್ಲಿ ದಾರಿ ತಪ್ಪಬಹುದು. ಕಣ್ಣಿಗೆ ಕಂಡ ಮೇಲೆ ಬರೆದುಕೊಳ್ಳಿ.

ನೋಡಿದ್ದನ್ನು ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಹಾಕಿದರೆ ಅಧ್ಯಯನ ಮಾಡುವವರಿಗೂ ಉಪಯೋಗವಾಗುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಗಣತಿ ನಡೆಯುತ್ತದೆ. ಹದಿನೈದು ನಿಮಿಷ ಎಣಿಸಿದರೂ ಸಾಕು. ಮಗಳ ಕ್ಲಾಸಿನ ಮಕ್ಕಳು ಕಳೆದ ವರ್ಷ ಶಾಲೆಯ ಮೈದಾನದಲ್ಲೇ ಎಣಿಸಿದರು.

ಒಂದು ಮಾತ್ರ ಮಾಡಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂತ ಅದು ಹೆದರಿ, ಕೆರಳಿ ಓಡಿ ಬರುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಇದು ದೊಡ್ಡ ತೊಂದರೆ.

ಮಂಡಗದ್ದೆ, ಗುಡವಿಗೆ ಯಾವಾಗ ಹೋಗಬೇಕು?

ಮದುವೆಯ ಹೊಸತರಲ್ಲಿ ನಾವು ಗುಡವಿಗೆ ಹೋದದ್ದು ಏಪ್ರಿಲ್‌ನಲ್ಲಿ. ಮರಗಳು ಖಾಲಿ. ಬಿಸಿಲಿನಲ್ಲಿ ಒಂದು ಗಂಟೆ ನಿಂತು ವಾಪಸ್ ಬಂದೆವು. ಪಕ್ಷಿಧಾಮ ಅಂದರೆ ವರ್ಷವಿಡೀ ಹಕ್ಕಿ ಇರುತ್ತದೆ ಅಂತ ತಿಳಿದಿದ್ದು ನಮ್ಮ ತಪ್ಪು. ಇವು ಹಕ್ಕಿಗಳ ಬಾಣಂತಿ ಮನೆ. ಮಳೆ ಬಂದ ಮೇಲೆ ತುಂಬುತ್ತವೆ.

ಮಂಡಗದ್ದೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ತುಂಗೆಯ ನಡುವೆ ಪುಟ್ಟ ನಡುಗಡ್ಡೆ, ರಸ್ತೆ ಬದಿಯಲ್ಲೇ ಕಾಣುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಸುತ್ತಲೂ ತುಂಬಿದ ಹೊಳೆ, ಹಾಗಾಗಿ ಬೆಕ್ಕು, ಹಾವು, ಮನುಷ್ಯರ ಕಾಟ ಕಡಿಮೆ. ವಯಸ್ಸಾದವರನ್ನು ಕರೆದುಕೊಂಡು ಹೋಗಲು ಇದು ಬಹಳ ಅನುಕೂಲ, ಹೆಚ್ಚು ನಡೆಯಬೇಕಾಗಿಲ್ಲ.

ಗುಡವಿ ಸೊರಬ ತಾಲ್ಲೂಕಿನದು, ಸೊರಬದಿಂದ ಸುಮಾರು 16 ಕಿ.ಮೀ. ಕೆರೆಯೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳ ಗೂಡು. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ಕೊಡೆ ಮರೆಯಬೇಡಿ.

ಬೇಸಿಗೆಯಲ್ಲೇ ಹೋಗಬೇಕು ಅಂದರೆ ಭದ್ರಾ ಹಿನ್ನೀರು ನೋಡಿ, ಲಕ್ಕವಳ್ಳಿ ಕಡೆ. ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಎನ್ನುವ ಹೊಳೆ ರೀವಗಳು ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ದೋಣಿಯಿಂದಲೇ ನೋಡಬೇಕು, ಇಳಿಯಬಾರದು.

ಮಂಗಟ್ಟೆ ಹಕ್ಕಿ ನೋಡಬೇಕು ಅಂತ ಮಕ್ಕಳ ಹಟ. ಎಲ್ಲಿ ಸಿಗುತ್ತದೆ?

ಹಕ್ಕಿಯನ್ನು ಹುಡುಕಬೇಡಿ, ಹಣ್ಣಾದ ಮರ ಹುಡುಕಿ. ಆಲ, ಬಸರಿ, ಗೋಣಿ, ಅತ್ತಿ ಮರ ಹಣ್ಣಾದಾಗ ಅದರ ಕೆಳಗಲ್ಲ, ಸ್ವಲ್ಪ ದೂರದಲ್ಲಿ ಕೂತುಕೊಳ್ಳಿ. ನಮ್ಮ ಕಡೆ ಜಾಸ್ತಿ ಕಾಣುವುದು ಬೂದು ಬಣ್ಣದ ಚಿಕ್ಕ ಮಂಗಟ್ಟೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. ಕೂಗು ಯಾರೋ ಗಹಗಹಿಸಿ ನಕ್ಕ ಹಾಗೆ. ದೊಡ್ಡ ಮಂಗಟ್ಟೆ ಸಿಕ್ಕರೆ ಅದೃಷ್ಟ. ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದು ಕೆಳಗೆ ಕೇಳಿಸುತ್ತದೆ.

ಇದರ ಸಂಸಾರದ ಕತೆಯನ್ನು ಮಕ್ಕಳಿಗೆ ಹೇಳಿ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಹಣ್ಣು, ಹುಳ ತಂದು ಆ ಸಂದಿನಿಂದ ಉಣಿಸಬೇಕು. ಗಂಡಿಗೆ ಏನಾದರೂ ಆದರೆ ಒಳಗಿರುವ ತಾಯಿ, ಮರಿಗಳ ಗತಿ ಏನು? ಹಳೆಯ, ಪೊಟರೆ ಇರುವ ಮರ ಕಡಿದರೆ ಏನಾಗುತ್ತದೆ ಅನ್ನುವುದು ನನ್ನ ಮಗಳಿಗೆ ಅರ್ಥವಾದದ್ದು ಈ ಕತೆಯಿಂದ. ತೋಟದ ಅಂಚಿನ ಹಳೆ ಮರವನ್ನು ನಾವು ಹಾಗೇ ಉಳಿಸಿಕೊಂಡಿದ್ದೇವೆ.

ಮಳೆಗಾಲದಲ್ಲಿ ಮನೆಯಲ್ಲೇ ಕೂರಬೇಕಾ?

ಯಾಕೆ? ಸಿಳ್ಳಾರ ಹಾಡುವುದೇ ಮಳೆಗಾಲದಲ್ಲಿ. ಹಳ್ಳದ ಬದಿ ಬಂಡೆಯ ಮೇಲೆ ಕೂತು, ಹುಡುಗನೊಬ್ಬ ದಾರಿಯಲ್ಲಿ ಸುಮ್ನೆ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಹಾಡುತ್ತದೆ. ಮೈ ಕಡುನೀಲಿ, ಹಣೆ ಮತ್ತು ಭುಜ ಹೊಳೆಯುವ ನೀಲಿ. ನಮ್ಮಲ್ಲಿ ಜೂನ್ ತಿಂಗಳ ಬೆಳಗಾಗುವುದು ಅದರ ದನಿಗೆ.

ಉಂಬಳದ ಭಯ ಇದ್ದರೆ ಕಾಲಿಗೆ ಉಪ್ಪು, ಸುಣ್ಣ, ಇಲ್ಲವೇ ನಶ್ಯ ಬೆರೆಸಿದ ಎಣ್ಣೆ ಹಚ್ಚಿಕೊಳ್ಳಿ. ಹತ್ತಿದರೆ ಎಳೆಯಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಸರಿಸಿ. ಅದು ಕಚ್ಚಿದರೆ ತುರಿಕೆ, ಸ್ವಲ್ಪ ರಕ್ತ, ಅಷ್ಟೆ. ಹೆದರಬೇಕಾದದ್ದು ಬೇಸಿಗೆಯಲ್ಲಿ ಮೈಗೆ ಹತ್ತಿ ರಕ್ತ ಹೀರುವ ಪುಟ್ಟ ಉಣುಗಿಗೆ.

ಮಂಗನ ಕಾಯಿಲೆಯ ಭಯ ಇದೆ. ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಬಹುದಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ಹೆಸರಲ್ಲೇ ಕ್ಯಾಸನೂರು ಸೇರಿಕೊಂಡಿದೆ. ಮಂಗಗಳು ಇದರಿಂದ ಸಾಯುತ್ತವೆ. ನಮಗೆ ಬರುವುದು ಹೆಚ್ಚಾಗಿ ಉಣುಗು ಕಚ್ಚಿ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಆ ಹೊತ್ತಿಗೆ ಕಾಡಿನ ಒಣ ದರಕಿನಲ್ಲಿ, ಅಂದರೆ ಉದುರಿದ ಎಲೆಗಳಲ್ಲಿ, ಎಳೆಯ ಉಣುಗು ತುಂಬಿರುತ್ತದೆ. ಎಳ್ಳಿನಷ್ಟೂ ಇರುವುದಿಲ್ಲ, ಕಣ್ಣಿಗೆ ಬೀಳುವುದು ಕಷ್ಟ.

ನಾವು ಪಾಲಿಸುವುದು ಇಷ್ಟು. ಆ ತಿಂಗಳುಗಳಲ್ಲಿ ಮಕ್ಕಳನ್ನು ದರಕು ಬಿದ್ದ ಕಾಡಿನೊಳಗೆ ಕರೆದುಕೊಂಡು ಹೋಗುವುದಿಲ್ಲ. ರಸ್ತೆ, ಗದ್ದೆ, ಕೆರೆ ದಂಡೆ, ಕಡಲು, ಇಷ್ಟೇ. ಹೋಗಲೇಬೇಕಾದಾಗ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಕೊಡುವ ಎಣ್ಣೆಯನ್ನು ಅವರು ಹೇಳಿದಂತೆ ಹಚ್ಚುವುದು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರ ಸ್ನಾನ. ಕಿವಿ ಹಿಂದೆ, ಕಂಕುಳು, ಸೊಂಟದ ಸುತ್ತ ನೋಡುವುದು.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಗ್ರಾಮ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಿ. ಕಾಡಿನ ಕಡೆ ಹೋಗಿ ಬಂದ ಒಂದು ವಾರದ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆವು" ಅಂತ ಮೊದಲೇ ಹೇಳಿ.

ಮನೆ ಹತ್ತಿರ ಗೂಬೆ ಕೂಗಿದರೆ ಅಪಶಕುನ ಅಂತಾರೆ. ಮಕ್ಕಳಿಗೆ ಏನು ಹೇಳಲಿ?

ಗೂಬೆ ಇದ್ದರೆ ಇಲಿ ಕಡಿಮೆ ಅಂತ ಹೇಳಿ. ಗದ್ದೆ ಇರುವವರಿಗೆ ಅದು ಮನೆಯ ಆಳಿನಷ್ಟು ಕೆಲಸ ಮಾಡಿಕೊಡುತ್ತದೆ. ಅತ್ತೆಗೂ ಮೊದಲು ಈ ಭಯ ಇತ್ತು. ಕೊಟ್ಟಿಗೆಯ ಮಾಡಿನಲ್ಲಿ ಹಾಲಕ್ಕಿ ಅನ್ನುವ ಪುಟ್ಟ ಗೂಬೆಯ ಜೋಡಿ ಮರಿ ಮಾಡಿದ ವರ್ಷ ಅವರೇ ದಿನಾ ಸಂಜೆ ನೋಡಲು ಹೋಗುತ್ತಿದ್ದರು. ಮಾಟ ಮಂತ್ರದ ಹೆಸರಿನಲ್ಲಿ ಗೂಬೆ ಹಿಡಿದು ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಗೊತ್ತಾದರೆ ಅರಣ್ಯ ಇಲಾಖೆಗೆ ಹೇಳಿ.

ಮಲೆನಾಡಿನಲ್ಲೇ ಇಷ್ಟು ಹಕ್ಕಿ ಇರುವಾಗ ಕಡಲಿಗೆ ಯಾಕೆ ಹೋಗಬೇಕು?

ನಮ್ಮ ಹೊಳೆ ಎಲ್ಲಿಗೆ ಹೋಗುತ್ತದೆ ಅಂತ ನೋಡಲು. ಶರಾವತಿ ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಬಿದ್ದು, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಒಟ್ಟು 128 ಕಿ.ಮೀ. ಅಷ್ಟೇ. ಬೆಳಿಗ್ಗೆ ಹೊರಟವರು ಒಂದೇ ದಿನದಲ್ಲಿ ಮಂಗಟ್ಟೆಯ ಕಾಡನ್ನೂ ಕಡಲಕ್ಕಿಯ ಮರಳನ್ನೂ ನೋಡಬಹುದು.

ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಕೂಡುತ್ತದೆ. ಕೆಸರಿನಲ್ಲಿ ಹುಳ, ಏಡಿ, ಚಿಪ್ಪಿಕಲ್ಲು ಸಮೃದ್ಧ. ಅದನ್ನು ತಿನ್ನಲು ಚಳಿಗಾಲದಲ್ಲಿ ದೂರ ದೂರದ ಹಕ್ಕಿಗಳು ಬರುತ್ತವೆ: ಟಿಬೆಟ್, ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ. ಗೊರವಗಳು, ಮರಳಿನ ಮೇಲೆ ಚಕ್ರ ಉರುಳಿದಂತೆ ಓಡುವ ಪುಟ್ಟ ಪ್ಲವರ್‌ಗಳು, ಕುಡುಗೋಲಿನಂತೆ ಬಾಗಿದ ಕೊಕ್ಕಿನ ಕರ್ಲ್ಯೂ, ಕಂದು ತಲೆಯ ಕಡಲಕ್ಕಿ, ರೀವಗಳು. ಪ್ರತಿ ಕೊಕ್ಕಿನ ಉದ್ದವೂ ಬೇರೆ. ಗಿಡ್ಡ ಕೊಕ್ಕಿನದು ಕೆಸರಿನ ಮೇಲೆ ಹೆಕ್ಕುತ್ತದೆ, ಉದ್ದ ಕೊಕ್ಕಿನದು ಆಳಕ್ಕೆ ಚುಚ್ಚುತ್ತದೆ. ಒಂದೇ ಬಟ್ಟಲಲ್ಲಿ ಎಲ್ಲರೂ ಜಗಳವಿಲ್ಲದೆ ಉಂಡ ಹಾಗೆ.

ಇಷ್ಟು ದೂರ ಹೇಗೆ ಹಾರುತ್ತವೆ ಅಂತ ಮಗಳು ಕೇಳಿದಾಗ ನಾನು ಈ ಗೊರವಗಳ ನೆಂಟ ಗಾಡ್‌ವಿಟ್‌ನ ವಿಷಯ ಹೇಳಿದೆ. 2022ರಲ್ಲಿ ಒಂದು ಎಳೆ ಗಾಡ್‌ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನದಲ್ಲಿ ಸುಮಾರು 13,560 ಕಿ.ಮೀ. ಹಾರಿತು. ಅದಕ್ಕೆ ಆಗ ಐದು ತಿಂಗಳು ವಯಸ್ಸು. ದಾರಿ ಯಾರೂ ತೋರಿಸಿರಲಿಲ್ಲ.

ಇವು ಸೆಪ್ಟೆಂಬರ್‌ಗೆ ಬರಲು ಶುರುವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ದಸರಾ ರಜೆ ಹೇಳಿ ಮಾಡಿಸಿದ ಹೊತ್ತು.

ಕಡಲಿಗೆ ಹೋದೆವು, ಒಂದು ಹಕ್ಕಿಯೂ ಕಾಣಲಿಲ್ಲ. ಯಾಕೆ?

ಉಬ್ಬರ ಇಳಿತ ನೋಡಿಕೊಂಡು ಹೋಗಿರಲಿಕ್ಕಿಲ್ಲ. ನಮಗೂ ಮೊದಲ ಸಲ ಹಾಗೇ ಆಯ್ತು. ಮಧ್ಯಾಹ್ನ ಹನ್ನೆರಡಕ್ಕೆ ಅಳಿವೆಗೆ ಹೋದರೆ ಕಣ್ಣು ಹಾಯಿಸಿದಷ್ಟೂ ನೀರು. ಚಹಾದಂಗಡಿಯ ಅಮ್ಮ ಒಬ್ಬರು, "ಈಗೆಂಥ ಕಾಣ್ತದೆ? ನೀರಿಳೀಲಿ, ನಾಲ್ಕು ಗಂಟೆಗೆ ಬನ್ನಿ" ಅಂದರು. ನಾಲ್ಕಕ್ಕೆ ಬಂದಾಗ ಅದೇ ಜಾಗದಲ್ಲಿ ಕೆಸರು ಬಯಲು, ಅದರ ತುಂಬ ಹಕ್ಕಿ.

ಕಡಲು ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಹತ್ತು ಗಂಟೆಗೆ ಉಬ್ಬರ ಇದ್ದರೆ ನಾಳೆ ಹತ್ತು ಐವತ್ತರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಕ್ಯಾಲೆಂಡರ್ ನೋಡಿ ತಿಥಿ ಹೇಳುವುದು ನಮ್ಮ ಮನೆಯಲ್ಲಿ ಅತ್ತೆಯ ಕೆಲಸ. ಗಂಟೆಯ ಲೆಕ್ಕ ಮೊಬೈಲಿನಲ್ಲಿ ಸಿಗುತ್ತದೆ.

ಪೂರ್ತಿ ಇಳಿದಾಗ ಹಕ್ಕಿಗಳು ದೂರ ದೂರಕ್ಕೆ ಚದುರುತ್ತವೆ. ನೀರು ಮತ್ತೆ ಏರುತ್ತಾ ಬಂದಾಗ ಅವು ದಂಡೆಯ ಕಡೆಗೆ ಸರಿಯುತ್ತವೆ. ಆ ಎರಡು ಗಂಟೆ ನೀವು ಕದಲದೆ ಕೂತಿದ್ದರೆ ಹಕ್ಕಿಗಳೇ ಹತ್ತಿರ ಬರುತ್ತವೆ. ಗುಂಪು ವಿಶ್ರಾಂತಿ ಮಾಡುತ್ತಿದ್ದಾಗ ಮಕ್ಕಳನ್ನು ಅದರ ನಡುವೆ ಓಡಲು ಬಿಡಬೇಡಿ. ಮುಂದಿನ ಪ್ರಯಾಣಕ್ಕೆ ಅವು ಕೂಡಿಟ್ಟ ಕೊಬ್ಬು ಸುಮ್ನೆ ಖರ್ಚಾಗುತ್ತದೆ. ಕೆಸರಿಗಂತೂ ಇಳಿಯಲೇಬೇಡಿ, ಎಲ್ಲಿ ಹೂಳುತ್ತದೆ ಅಂತ ಗೊತ್ತಾಗುವುದಿಲ್ಲ.

ಗರುಡ ಯಾವುದು, ಹದ್ದು ಯಾವುದು?

ಬಾಲ ನೋಡಿ. ಬಾಲ ಕವೆಯ ಹಾಗೆ ಸೀಳಿದ್ದರೆ ಹದ್ದು. ದುಂಡಗಿದ್ದು, ತಲೆ ಎದೆ ಬಿಳಿ, ಉಳಿದ ಮೈ ಕೆಂಗಂದು ಇದ್ದರೆ ಗರುಡ. ಬಂದರಿನ ಮೀನು ದೋಣಿಗಳ ಮೇಲೆ ಗರುಡ ಸುತ್ತುತ್ತಲೇ ಇರುತ್ತದೆ. ಇವೆರಡಕ್ಕಿಂತ ತುಂಬ ದೊಡ್ಡದು, ಹೊಟ್ಟೆ ಅಚ್ಚ ಬಿಳಿ, ಬೆನ್ನು ಬೂದು, ಗಿಡ್ಡ ಬಾಲ ಕಂಡರೆ ಎಲ್ಲರನ್ನೂ ಕೂಗಿ ಕರೆಯಿರಿ. ಅದು ಕಡಲ ಹದ್ದು. ದಂಡೆಯ ಎತ್ತರದ ಮರಗಳಲ್ಲಿ ಗೂಡು ಕಟ್ಟಿ, ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುತ್ತದೆ. ಆ ಒಂದು ಮರ ಹೋದರೆ ಜೋಡಿ ಊರು ಬಿಡಬಹುದು.

ಗೂಡಿನ ಫೋಟೊ ತೆಗೆಯಬಹುದಾ?

ಬೇಡ. ಎಲೆ ಸರಿಸಿ, ಕೊಂಬೆ ಬಗ್ಗಿಸಿ ತೆಗೆದ ಫೋಟೊದ ಹಿಂದೆಯೇ ಕಾಗೆ, ಕೆಂಬೂತ ಗೂಡನ್ನು ಪತ್ತೆ ಮಾಡುತ್ತವೆ. ಜಾಗದ ಹೆಸರು ಹಾಕಿ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವುದಂತೂ ಬೇಡವೇ ಬೇಡ.

ಮರಿ ಕೆಳಗೆ ಬಿದ್ದಿದೆ. ಮನೆಗೆ ತರಲಾ?

ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಬಿಟ್ಟುಬಿಡಿ. ಹಾರಲು ಕಲಿಯುತ್ತಿದೆ, ತಾಯಿ ಹತ್ತಿರದಲ್ಲೇ ಇರುತ್ತದೆ. ನಾಯಿ ಬೆಕ್ಕು ಬಂದರೆ ಓಡಿಸಿ, ಸಾಕು. ಪುಕ್ಕವೇ ಇಲ್ಲದ ಮರಿಯಾದರೆ ಗೂಡಿಗೆ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ನಿಜವಲ್ಲ. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಯಿಗೆ ನೀರು ಬಿಡಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಹಕ್ಕಿಯ ಕಾಲಿಗೆ ಉಂಗುರ ಇತ್ತು. ಅದೇನು?

ಅಧ್ಯಯನ ಮಾಡುವವರು ತೊಡಿಸಿದ್ದು. ಅದರ ಮೇಲೆ ಅಂಕಿ ಅಕ್ಷರ ಇರುತ್ತದೆ. ಓದಲು ಸಾಧ್ಯವಾದರೆ ಬರೆದುಕೊಂಡು, ಬಣ್ಣ, ಜಾಗ, ದಿನದ ಜೊತೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. 1883ರಿಂದ ಇರುವ ಸಂಸ್ಥೆ ಅದು. ಬದುಕಿರುವ ಹಕ್ಕಿಯನ್ನು ಉಂಗುರ ಓದಲೆಂದು ಹಿಡಿಯಬೇಡಿ.

ಬರೆದಿಟ್ಟುಕೊಳ್ಳುವುದು ಯಾಕೆ? ನೋಡಿದರೆ ಸಾಲದಾ?

ಮೊದಲ ಕುಂಡೆಕುಸ್ಕ ನಮ್ಮ ಅಂಗಳಕ್ಕೆ ಯಾವ ದಿನ ಬಂತು ಅಂತ ಮಗಳು ಆರು ವರ್ಷದಿಂದ ಬರೆಯುತ್ತಿದ್ದಾಳೆ. ಈಗ ಸೆಪ್ಟೆಂಬರ್ ಬಂತೆಂದರೆ ಮನೆಯವರೆಲ್ಲ ಕಾಯುತ್ತೇವೆ. ಬರೆಯದಿದ್ದರೆ ಕಾಯುವುದಕ್ಕೆ ಏನೂ ಇರುತ್ತಿರಲಿಲ್ಲ. ದೊಡ್ಡ ಪುಸ್ತಕ ಬೇಡ. ದಿನ, ಹೊತ್ತು, ಜಾಗ, ಮಳೆಯಾ ಬಿಸಿಲಾ, ಯಾವ ಹಕ್ಕಿ ಎಷ್ಟು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ. ಅತ್ತೆ ಹೇಳುವ ಊರಿನ ಹೆಸರನ್ನೂ ಅವಳು ಪಕ್ಕದಲ್ಲೇ ಬರೆಯುತ್ತಾಳೆ.

ಸಾಗರದಿಂದ ಹೊನ್ನಾವರಕ್ಕೆ ಒಂದು ದಿನದಲ್ಲಿ ಹೋಗಿ ಬರಲು ಹೇಗೆ ಪ್ಲಾನ್ ಮಾಡಲಿ?

ದೂರ ಸುಮಾರು 90 ಕಿ.ಮೀ. ಬೆಳಿಗ್ಗೆ ಐದೂವರೆಗೆ ಹೊರಡಿ, ತಿಂಡಿ ಬುತ್ತಿ ಕಟ್ಟಿಕೊಳ್ಳಿ. ಬೆಳಕು ಹರಿಯುವಾಗ ಜೋಗದ ಆಸುಪಾಸಿನಲ್ಲಿ ಇರಬೇಕು. ರಸ್ತೆ ಬದಿ ಕಾರು ನಿಲ್ಲಿಸಿ ಅರ್ಧ ಗಂಟೆ ಕಿವಿ ಕೊಟ್ಟರೆ ಕುಟ್ರು, ಪಿಕಳಾರ, ಭೀಮರಾಜ ಎಲ್ಲ ಎದ್ದಿರುತ್ತವೆ. ಜೋಗದ ಕಂದರದ ಮೇಲೆ ಬಾನಾಡಿಗಳು ಸುತ್ತುವುದನ್ನು ನೋಡಿ.

ಮಾವಿನಗುಂಡಿ ದಾಟಿದ ಮೇಲೆ ಗೇರುಸೊಪ್ಪೆ ಘಟ್ಟ. ತಿರುವುಗಳಲ್ಲಿ ನಿಲ್ಲಿಸಬೇಡಿ. ಮಕ್ಕಳಿಗೆ ವಾಂತಿ ಬರುವುದಿದ್ದರೆ ತಿಂಡಿ ಘಟ್ಟ ಇಳಿದ ಮೇಲೆ. ಇದು ಸಿಂಗಳೀಕಗಳ ಕಾಡು. ಕಂಡರೆ ಗಾಡಿಯೊಳಗಿಂದಲೇ ನೋಡಿ, ಏನೂ ತಿನ್ನಲು ಕೊಡಬೇಡಿ. ತಿನ್ನಲು ಸಿಗುತ್ತದೆ ಅಂತ ಅವು ರಸ್ತೆಗೆ ಇಳಿದರೆ ಲಾರಿಗೆ ಸಿಗುತ್ತವೆ.

ಹೊನ್ನಾವರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಮರದ ಹಲಗೆಯ ಕಾಲುದಾರಿ ಇದೆ. ಅಜ್ಜಿಯರೂ ನಿಧಾನಕ್ಕೆ ನಡೆಯಬಹುದು. ಮಿಂಚುಳ್ಳಿಗಳಿಗೆ ಒಳ್ಳೆಯ ಜಾಗ. ಕಪ್ಪು ತಲೆ, ನೇರಳೆ ನೀಲಿ ಬೆನ್ನು, ಕೆಂಪು ಕೊಕ್ಕಿನ ಮಿಂಚುಳ್ಳಿ ಸಿಕ್ಕರೆ ಅದನ್ನು ಚೆನ್ನಾಗಿ ನೋಡಿಕೊಳ್ಳಿ, ಮಲೆನಾಡಿನ ಹಳ್ಳಗಳಲ್ಲಿ ಅದು ಕಾಣುವುದು ಅಪರೂಪ. ಬೇರುಗಳ ನಡುವೆ ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ಮೀನು ಇರುತ್ತವೆ. ನಮ್ಮ ಮಗ ಅಲ್ಲಿಂದ ಎದ್ದು ಬರಲು ಒಪ್ಪುವುದೇ ಇಲ್ಲ.

ಬಿಸಿಲು ಏರಿದ ಮೇಲೆ ಊಟ, ನೆರಳು, ನಿದ್ದೆ. ಮಧ್ಯಾಹ್ನ ಮೂರಕ್ಕೆ ಹೊನ್ನಾವರದ ಪಕ್ಕದ ಕಾಸರಕೋಡಿನ ಮರಳಿಗೆ ಹೋಗಿ, ನೀರು ಏರುವ ಹೊತ್ತಿಗೆ ಹೊಂದಿಸಿಕೊಂಡು ಕೂತುಕೊಳ್ಳಿ. ಸೂರ್ಯ ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೆ ಕಾಣುತ್ತದೆ. ಸಂಜೆ ಕಡಲಿಗೆ ಮುಖ ಮಾಡಿದರೆ ಬಿಸಿಲು ಎದುರಾಗುತ್ತದೆ, ಅದಕ್ಕೆ ಆ ಹೊತ್ತಿಗೆ ಅಳಿವೆಯ ಕಡೆ ತಿರುಗಿ ಕೂರುವುದು ವಾಸಿ. ಅಳಿವೆಯಲ್ಲಿ ಹರಿಯುವುದು ಬೆಳಿಗ್ಗೆ ಜೋಗದಲ್ಲಿ ನೋಡಿದ ಹೊಳೆಯೇ. ಮಕ್ಕಳಿಗೆ ಅದನ್ನು ಅಲ್ಲೇ ತೋರಿಸಿ.

ಡಿಸೆಂಬರ್‌ನಲ್ಲಿ ಆರೂ ಕಾಲರ ಒಳಗೆ ಸೂರ್ಯ ಮುಳುಗುತ್ತಾನೆ. ಘಟ್ಟವನ್ನು ಕತ್ತಲಲ್ಲಿ ಹತ್ತುವುದು ಬೇಡ ಅಂದರೆ ನಾಲ್ಕೂವರೆಗೆ ಹೊರಡಿ. ಮುಳುಗುವ ತನಕ ಇರಲೇಬೇಕು ಅಂತ ಮಕ್ಕಳು ಹಟ ಹಿಡಿದರೆ ಹೊನ್ನಾವರದಲ್ಲೇ ರಾತ್ರಿ ಉಳಿದುಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಬೆಳಕು ಕಡಲ ಕಡೆಗೆ ಬೀಳುತ್ತದೆ, ಹಿಂದಿನ ಸಂಜೆ ಕಪ್ಪಗೆ ಕಂಡ ಹಕ್ಕಿಗಳ ಬಣ್ಣ ಆಗ ಕಾಣುತ್ತದೆ.